ನಮ್ಮಾಳು

ಮದರಾಸಿನ ಪುರಸೈವಾಕ್ಕಂ ಮತ್ತು ಎಣ್ಣೂರು ಎರಡೂ ಒಂದೇ ಎಂದು ನಾನು ಹೇಳಿದರೆ ಎರಡೂ ಕಡೆಯವರು ಹೊಡೆಯಲು ಬರುತ್ತಾರೆ. ಬರಲಿ. ಪುರಸೈವಾಕ್ಕಂನವರು ಹೊರಡುವ ಮೊದಲು ಸ್ನಾನ ಮಾಡಬೇಕು, ಎಣ್ಣೂರಿನವರು ಹೊರಡುವ ಮೊದಲು ಮೇಲಧಿಕಾರಿಯನ್ನು ಕೇಳಬೇಕು. ಅಷ್ಟರಲ್ಲಿ ನಾನು ಈ ಅಧ್ಯಾಯ ಬರೆದು ಮುಗಿಸಿರುತ್ತೇನೆ. ಬಾಲ್ಯದ ಕಥೆ ಬರೆಯುವಷ್ಟು ವಯಸ್ಸಾಯಿತೇ ನಿನಗೆ ಎಂದು ಕೇಳುವವರಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ತಲೆ ಪೂರ್ತಿ ನೆರೆತ ಮೇಲೆ ಬರೆಯುವವರು ಎಲ್ಲರನ್ನೂ ಕ್ಷಮಿಸುತ್ತ ಬರೆಯುತ್ತಾರೆ, ಓದಿದವರಿಗೆ ಏನೂ ಸಿಗುವುದಿಲ್ಲ. ನನಗಿನ್ನೂ ಯಾರನ್ನೂ ಕ್ಷಮಿಸುವಷ್ಟು ವಯಸ್ಸಾಗಿಲ್ಲ. ಹತ್ತು ವರ್ಷ ಪುರಸೈವಾಕ್ಕಂನ ಮನೆಯಲ್ಲಿದ್ದೆ, ಮುಂದಿನ ಆರು ವರ್ಷ ಎಣ್ಣೂರಿನ ಮನೆಯಲ್ಲಿ. ನಡುವೆ ಇದ್ದದ್ದು ಎರಡು ಬಸ್ಸು, ಬಸ್ಸು ಬದಲಿಸಲು ಪ್ಯಾರೀಸ್ ಕಾರ್ನರಿನಲ್ಲಿ ಅರ್ಧ ಗಂಟೆ ನಿಲ್ಲುವುದು. ಆ ಅರ್ಧ ಗಂಟೆ ಮೂಟೆ ಹೊರುವವರು ಎಲ್ಲರನ್ನೂ ಒಂದೇ ಸಮನಾಗಿ ತಳ್ಳಿಕೊಂಡು ಹೋಗುತ್ತಿದ್ದರು. ನನ್ನ ಬಾಲ್ಯದಲ್ಲಿ ನಾನು ಕಂಡ ಸಮಾನತೆ ಅದೊಂದೇ.

ಪುರಸೈವಾಕ್ಕಂನ ಮನೆ ತಾತನದು. ಪಾತ್ರೆ ಅಂಗಡಿ, ಸೀರೆ ಅಂಗಡಿಗಳ ದೊಡ್ಡ ಬೀದಿಯಿಂದ ಒಳಕ್ಕೆ ತಿರುಗುವ ಒಂದು ಸಂದಿಯಲ್ಲಿ, ರೈಲಿನ ಬೋಗಿಯ ಹಾಗೆ ಅಗಲವಿಲ್ಲದೆ ಉದ್ದಕ್ಕೆ ಬೆಳೆದಿದ್ದ ಮನೆ. ತಾತ ರೈಲ್ವೆ ಕಚೇರಿಯಲ್ಲಿದ್ದವರಾದ್ದರಿಂದ ಅದು ಅವರಿಗೆ ಒಪ್ಪುತ್ತಿತ್ತು. ಮುಂದೆ ಜಗಲಿ, ಆಮೇಲೆ ಹಜಾರ, ಆಮೇಲೆ ಆಕಾಶ ಕಾಣುವ ತೊಟ್ಟಿ, ಆಮೇಲೆ ಊಟದ ಮನೆ, ಅಡುಗೆಮನೆ, ದೇವರ ಮನೆ, ಹಿತ್ತಿಲಲ್ಲಿ ಕೈಪಂಪು. ಯಾರು ಎಲ್ಲಿಯವರೆಗೆ ಬರಬಹುದು ಎಂಬುದು ಎಲ್ಲೂ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹಾಲಿನವನು ಜಗಲಿಯವರೆಗೆ. ಸೊಪ್ಪಿನವಳು ಜಗಲಿಯ ಮೆಟ್ಟಿಲಿನವರೆಗೆ. ಅಪ್ಪನ ಸ್ನೇಹಿತರು ಹಜಾರದವರೆಗೆ, ಅದೂ ಅವರ ಹೆಸರು ಕೇಳಿ ತಾತ ಒಂದು ಸಲ ಕೆಮ್ಮಿದ ಮೇಲೆ. ಸ್ನಾನವಾಗದ ನಾನು ತೊಟ್ಟಿಯವರೆಗೆ. ಅಮ್ಮ ಮಾತ್ರ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು, ಏಕೆಂದರೆ ಎಲ್ಲ ಕಡೆಯೂ ಕೆಲಸವಿತ್ತು. ಅವಳು ಕೂರುವುದಕ್ಕೆ ಒಂದು ಜಾಗವಿರಲಿಲ್ಲ, ಅಷ್ಟೇ. ಊಟಕ್ಕೆ ಮೊದಲು ತಾತ, ಅಪ್ಪ, ಚಿಕ್ಕಪ್ಪ ಮಣೆ ಹಾಕಿಕೊಂಡು ಕೂರುತ್ತಿದ್ದರು. ಆಮೇಲೆ ನಾನು. ಆಮೇಲೆ ಮಡಿಯಲ್ಲಿದ್ದ ಅಜ್ಜಿ, ಯಾರ ನೆರಳೂ ತಾಕದ ಹಾಗೆ ಗೋಡೆಗೆ ಮುಖ ಮಾಡಿಕೊಂಡು. ಕೊನೆಗೆ, ಹುಳಿ ತಣ್ಣಗಾಗಿ ಮೇಲೆ ಕೆನೆ ಕಟ್ಟಿದ ಮೇಲೆ, ಅಡುಗೆಮನೆಯ ಹೊಸಿಲ ಪಕ್ಕದಲ್ಲಿ ಮಣೆಯಿಲ್ಲದೆ ಅಮ್ಮ.

ಏಕಾದಶಿಯ ದಿನ ಆ ಮನೆಯಲ್ಲಿ ಉಪವಾಸ. ಆದರೆ ತಾತನಿಗೆ ಪಿತ್ತ, ಆದ್ದರಿಂದ ಅವರಿಗೆ ತುಪ್ಪ ಸುರಿದ ಸಜ್ಜಿಗೆ. ಚಿಕ್ಕಪ್ಪ ಆಫೀಸಿಗೆ ಹೋಗುವವನು, ಆದ್ದರಿಂದ ಅವನಿಗೆ ಅವಲಕ್ಕಿ. ಅಜ್ಜಿ ಮಾತ್ರೆ ನುಂಗುವವಳು, ಆದ್ದರಿಂದ ಹಾಲು, ಬಾಳೆಹಣ್ಣು. ಯಾವ ಕಾರಣವೂ ಇಲ್ಲದ್ದರಿಂದ ಅಮ್ಮ ನಿಜವಾಗಿ ಉಪವಾಸ ಮಾಡುತ್ತಿದ್ದಳು. ಸಜ್ಜಿಗೆ ಕೆದಕುತ್ತಿದ್ದವಳೂ ಅವಳೇ. ಏಳು ವರ್ಷದವಳಿದ್ದಾಗ ನಾನು ಕೇಳಿದೆ:

"ಅಜ್ಜೀ, ಅಮ್ಮಂಗೆ ಪಿತ್ತ ಬರಲ್ವಾ?"

"ಬಾಯಿ ನೋಡು ಇದಕ್ಕೆ! ಯಾರ್ ಕಲ್ಸಿಕೊಟ್ಟದ್ದೇ ಇದೆಲ್ಲ? ಏ ಜಯಾ, ನೀನಾ?"

ಅಮ್ಮ ಸೌಟು ಬಿಡದೆ, ತಲೆ ಎತ್ತದೆ, "ನಾನಲ್ಲ ಅತ್ತೆ, ಅದು ತಾನಾಗೇ ಕಲ್ತ್ಕೊಂಡು ಹುಟ್ಟಿದೆ" ಎಂದಳು. ನನ್ನ ಬಗ್ಗೆ ಆ ಮನೆಯಲ್ಲಿ ಯಾರಾದರೂ ಸರಿಯಾಗಿ ಹೇಳಿದ ಮಾತು ಅದೊಂದೇ.

ಅಮ್ಮ ಅರಸೀಕೆರೆಯವಳು. ಮದುವೆಗೆ ಮೊದಲು ಟೀಚರ್ಸ್ ಟ್ರೈನಿಂಗ್ ಮುಗಿಸಿ, ಅಲ್ಲಿನ ಒಂದು ಪ್ರೈಮರಿ ಶಾಲೆಯಲ್ಲಿ ಒಂದು ವರ್ಷ ಪಾಠ ಮಾಡಿದ್ದಳು. ಆ ಒಂದು ವರ್ಷವನ್ನು ಅವಳು ಹದಿನೈದು ವರ್ಷ ಸವೆಸಿದಳು. ಒಂದನೇ ಕ್ಲಾಸಿನ ಮಕ್ಕಳ ಹೆಸರನ್ನು ಹಾಜರಿಯ ಕ್ರಮದಲ್ಲೇ ಹೇಳುತ್ತಿದ್ದಳು. ಅಕ್ಕಿ ಆರಿಸುವಾಗ ಮೊರದ ಮೇಲೆ ಕಲ್ಲುಗಳನ್ನು ಸಾಲಾಗಿ ಜೋಡಿಸಿ ನನಗೆ ಕೂಡುವುದು ಕಳೆಯುವುದು ಕಲಿಸಿದ್ದಳು. ಅವಳಿಗೆ ಮತ್ತೆ ಮಕ್ಕಳ ಮುಂದೆ ನಿಲ್ಲಬೇಕಿತ್ತು. ಬೇರೆ ಯಾವ ಆಸೆಯನ್ನೂ ಅವಳು ಬಾಯಿ ಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಪಕ್ಕದ ಬೀದಿಯಲ್ಲಿ ಒಂದು ಪುಟ್ಟ ಶಾಲೆ ತೆರೆದು ಟೀಚರ್ ಬೇಕೆಂದು ಬೋರ್ಡು ಹಾಕಿದಾಗ ಅಪ್ಪನ ಮೂಲಕ ತಾತನನ್ನು ಕೇಳಿಸಿದಳು. ತಾತ ಪೇಪರು ಮಡಿಸದೆ ಅದರ ಹಿಂದಿನಿಂದಲೇ ತೀರ್ಪು ಕೊಟ್ಟರು:

"ಹೆಂಗಸು ಮನೆ ಬಿಟ್ಟರೆ ಮನೆ ಮನೆಯಾಗಿರತ್ತಾ? ತಾಯಿ ಕೈ ಸಾದ ತಿಂದ ಮಗು ಬೇರೆ, ಬೇರೆಯವರ ಕೈ ಸಾದ ತಿಂದ ಮಗು ಬೇರೆ. ಹೊಸಿಲಿಗೆ ದೀಪ ಇದ್ದ ಹಾಗೆ ಕಣಪ್ಪಾ ಹೆಂಗಸು. ದೀಪಾನ ಬೀದೀಲಿ ಇಟ್ಟರೆ ಗಾಳಿ ಸುಮ್ನೆ ಬಿಡತ್ತಾ?"

ಸಾದ ಎಂದರೆ ಅವರ ಕನ್ನಡದಲ್ಲಿ ಅನ್ನ. ಹೊಸಿಲಿನ ಪಕ್ಕ ಕೂತು ತಣ್ಣನೆಯ ಹುಳಿ ಉಣ್ಣುವ ದೀಪವನ್ನು ನಾನು ದಿನಾ ನೋಡುತ್ತಿದ್ದೆ. ಆದರೆ ತಾತ ಮಾತಾಡುತ್ತಿದ್ದದ್ದು ಚೆನ್ನಾಗಿತ್ತು. ಉಪಮೆ, ನಿಲುಗಡೆ, ಕೊನೆಗೊಂದು ಪ್ರಶ್ನೆ. ಆ ಮೂರನ್ನೂ ನಾನು ಜೋಪಾನವಾಗಿ ಎತ್ತಿಟ್ಟುಕೊಂಡೆ. ಅದನ್ನು ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಈಗ 'ಆಳು' ಎಂಬ ಮಾತಿನ ವಿಷಯಕ್ಕೆ ಬರಬೇಕು. ತಲೆಮಾರುಗಳಿಂದ ಮದರಾಸಿನಲ್ಲಿದ್ದರೂ ನಮ್ಮ ಕನ್ನಡ ಕೆಡಲಿಲ್ಲ ಎಂಬುದು ತಾತನ ದೊಡ್ಡ ಹೆಮ್ಮೆ. ಆ ಹೆಮ್ಮೆಯನ್ನು ಅವರು ಹೇಳಿಕೊಳ್ಳುತ್ತಿದ್ದ ಕನ್ನಡ ಹೀಗಿತ್ತು: "ನಮ್ಮದು ಸುತ್ತ ಕನ್ನಡ ಕಣೇ. ಒಂದು ವಾರ್ತೆ ಕಲಪ್ಪಡಂ ತೋರ್ಸು ನೋಡೋಣ." ಶುದ್ಧ, ಮಾತು, ಕಲಬೆರಕೆ, ಮೂರಕ್ಕೂ ತಮಿಳೇ. ಆ ಶುದ್ಧ ಕನ್ನಡದಲ್ಲಿ 'ಆಳು' ಎಂದರೆ ತಮಿಳಿನಲ್ಲಿ ಇರುವ ಹಾಗೆ ಮನುಷ್ಯ, ಜನ. ಊಟಕ್ಕೆ ಎಷ್ಟು ಆಳು, ಬಾಗಿಲಲ್ಲಿ ಯಾರೋ ಆಳು ಬಂದಿದೆ, ಅವನು ಒಳ್ಳೇ ಆಳು. 'ನಮ್ಮಾಳು' ಎಂದರೆ ನಮ್ಮವರು, ನಮ್ಮ ಕಡೆಯವರು. ಅಮ್ಮನ ಅರಸೀಕೆರೆಯಲ್ಲಿ ಆಳು ಎಂದರೆ ಕೂಲಿಗೆ ಕೆಲಸ ಮಾಡುವವನು. ಮದುವೆಯಾಗಿ ಬಂದ ಮೊದಲ ತಿಂಗಳು, ತಿರುವಲ್ಲಿಕ್ಕೇಣಿಯಿಂದ ದೂರದ ನೆಂಟಳೊಬ್ಬಳು ಬಂದವಳು, ಕಾಫಿ ತಂದಿಟ್ಟ ಅಮ್ಮನನ್ನು ಕನ್ನಡಕದ ಮೇಲಿಂದ ನೋಡಿ ಯಾರಿದು ಎಂದು ಕೇಳಿದಳಂತೆ. ಅಜ್ಜಿ, "ಇವಳಾ? ನಮ್ಮಾಳೇ. ದೊಡ್ಡವನಿಗೆ ತಂದದ್ದು" ಎಂದಳಂತೆ. ದೊಡ್ಡ ಮಗನಿಗೆ ಅಂತ ತಂದ ಆಳು. ಅಮ್ಮ ಹಿತ್ತಿಲಿಗೆ ಹೋಗಿ ಕೈಪಂಪನ್ನು ಹಿಡಿದುಕೊಂಡು ಅತ್ತಳು, ಆ ದಿನ ಊಟ ಮಾಡಲಿಲ್ಲ. ಕಾರಣ ತಿಳಿದಾಗ ಇಡೀ ಮನೆ ಬಿದ್ದು ಬಿದ್ದು ನಕ್ಕಿತಂತೆ.

"ಪೈತ್ಯ ಹಿಡಿದಿದ್ಯಾ ಈ ಹುಡುಗೀಗೆ? ಆಳೆತ್ತರ ಅನ್ನಲ್ವಾ ನಿಮ್ಮೂರಲ್ಲಿ? ಆಳು ಅಂದರೆ ಮನುಷ್ಯ ಕಣಮ್ಮಾ!" ಎಂದು ತಾತ ನಿಘಂಟು ತೆಗೆದರಂತೆ.

ಆಮೇಲೆ ಪ್ರತಿ ಮದುವೆ, ಮುಂಜಿ, ಸೀಮಂತದಲ್ಲಿ ಈ ಕಥೆ ಪಾಯಸದ ಜೊತೆ ಬಡಿಸಲ್ಪಡುತ್ತಿತ್ತು. ಅಮ್ಮನೂ ನಗುತ್ತಿದ್ದಳು, ಕೈಯಲ್ಲಿ ಪಾಯಸದ ಪಾತ್ರೆ ಹಿಡಿದುಕೊಂಡು. ತರ್ಕ ಕಲಿತ ಮೇಲೆ ನಾನು ಇದನ್ನು ಹಲವು ಸಲ ಪರಿಶೀಲಿಸಿದ್ದೇನೆ. ಆ ಮನೆಯಲ್ಲಿ ಅಮ್ಮನ ಸ್ಥಾನದ ಬಗ್ಗೆ ಎರಡು ಅರ್ಥ ಎದುರಿಗಿದ್ದವು. ಸಾಕ್ಷ್ಯವೆಲ್ಲ ಒಂದೇ ಕಡೆಗಿತ್ತು. ನಿಘಂಟು ಮಾತ್ರ ಇನ್ನೊಂದು ಕಡೆಗಿತ್ತು. ಮನೆಯವರು ನಿಘಂಟಿನ ಪರ ತೀರ್ಪು ಕೊಟ್ಟರು.

ಅಪ್ಪನಿಗೆ ಎಣ್ಣೂರಿನ ವಿದ್ಯುತ್ ಸ್ಥಾವರದ ಉಗ್ರಾಣದಲ್ಲಿ ಸೂಪರ್‌ವೈಸರ್ ಕೆಲಸ. ನನಗೆ ಹತ್ತು ವರ್ಷವಾದಾಗ ಅಲ್ಲೇ ಕ್ವಾರ್ಟರ್ಸ್ ಸಿಕ್ಕಿತು. "ಮೀನು ನಾರುವ ಜಾಗಕ್ಕೆ ಮಗೂನ ಕರ್ಕೊಂಡು ಹೋಗ್ತೀಯಾ?" ಎಂದು ಅಜ್ಜಿ ಅತ್ತಳು. ಅಪ್ಪ ಯಾವತ್ತಿನ ಹಾಗೆ ಎರಡೂ ಕಡೆಗೆ ತಲೆಯಾಡಿಸಿ, ಸಾಮಾನನ್ನು ಲಾರಿಗೆ ಹಾಕಿಸಿದ. ಅಪ್ಪ ತನ್ನ ಜೀವನದಲ್ಲಿ ಮಾಡಿದ ಏಕೈಕ ಬಂಡಾಯ ಅದು. ಅದನ್ನೂ ಕಚೇರಿಯ ಆದೇಶದ ಮೇಲೆ ಮಾಡಿದ.

ಪುರಸೈವಾಕ್ಕಂಗೂ ಎಣ್ಣೂರಿಗೂ ಏನೇನೂ ಹೋಲಿಕೆಯಿರಲಿಲ್ಲ, ಕಣ್ಣಿಗೆ ಕಂಡ ಮಟ್ಟಿಗೆ. ಸಂದಿಯ ಬದಲು ಅಳತೆಗೋಲಿನಿಂದ ಎಳೆದಂಥ ರಸ್ತೆಗಳು. ಮನೆಗಳಿಗೆ ಹೆಸರಿಲ್ಲ, ನಂಬರು. ಒಂದು ಕಡೆ ಸಮುದ್ರ, ಮೀನುಗಾರರ ಗುಡಿಸಲುಗಳು, ಇನ್ನೊಂದು ಕಡೆ ಹಗಲೂ ರಾತ್ರಿ ಉಸಿರು ಬಿಡುವ ಚಿಮಣಿಗಳು. ಒಣಗಿಸಿದ ಬಟ್ಟೆ, ಬೇವಿನೆಲೆ, ಹಾಲಿನ ಕೆನೆ, ಎಲ್ಲದರ ಮೇಲೂ ಬೂದಿ. ಅಜ್ಜಿಯ ಮಡಿಸೀರೆ ಇಲ್ಲಿ ಒಂದು ಗಂಟೆ ಬದುಕುತ್ತಿರಲಿಲ್ಲ. ನೆರೆಯವರಲ್ಲಿ ಮಲಯಾಳಿಗಳು, ತೆಲುಗರು, ತಮಿಳರು, ದೇವರಿಲ್ಲ ಎಂದು ಸಂಜೆ ವಾಕಿಂಗಿನಲ್ಲಿ ಸಾಬೀತು ಮಾಡುತ್ತಿದ್ದ ಒಬ್ಬ ಎಂಜಿನಿಯರು. ಮೊದಲ ಬೆಳಿಗ್ಗೆ ಅಮ್ಮ ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಕಾವಲಿಯಿಂದ ತೆಗೆದ ಮೊದಲ ದೋಸೆಯನ್ನು ತನ್ನ ತಟ್ಟೆಗೆ ಹಾಕಿಕೊಂಡು, ಕುರ್ಚಿಯ ಮೇಲೆ ಕೂತು, ಬಿಸಿಬಿಸಿ ತಿಂದಳು. ಸ್ನಾನಕ್ಕೆ ಮೊದಲು. ಅಪ್ಪ ಟವೆಲು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತು ನೋಡಿದ, ಏನೋ ಹೇಳಲು ಹೋಗಿ, ಹಲ್ಲುಜ್ಜಲು ಹೋದ.

"ಇಲ್ಲಿ ಅದೆಲ್ಲ ಇಲ್ಲ, ಅಲ್ವಾ ಮಾಲಾ?" ಎಂದಳು ಅಮ್ಮ ನನ್ನ ಕಡೆ ತಿರುಗಿ.

"ಇಲ್ಲಮ್ಮ, ಇಲ್ಲಿ ಸೈನ್ಸು" ಎಂದೆ. ಹತ್ತು ವರ್ಷಕ್ಕೇ ಅಷ್ಟು ದಡ್ಡಿಯಾಗಿರಬೇಕಾದರೆ ಬಹಳ ಓದಿರಬೇಕು.

ಇಲ್ಲಿಯೂ ಎಲ್ಲೂ ಏನೂ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕ್ವಾರ್ಟರ್ಸಿನಲ್ಲಿ ಮೂರು ದರ್ಜೆ. ಸಮುದ್ರದ ಗಾಳಿ ಮೊದಲು ಬರುವ ಕಡೆ ದೊಡ್ಡ ಎಂಜಿನಿಯರುಗಳು, ಬೂದಿ ಮೊದಲು ಬರುವ ಕಡೆ ನಾವು. ಲೇಡೀಸ್ ಕ್ಲಬ್ಬಿನಲ್ಲಿ ಮುಂದಿನ ಸಾಲಿಗೆ ಬೆತ್ತದ ಕುರ್ಚಿ, ಹಿಂದಿನ ಸಾಲಿಗೆ ಮಡಚುವ ಕಬ್ಬಿಣದ ಕುರ್ಚಿ, ಅದರ ಹಿಂದೆ ಜಮಖಾನ. ಯಾರ ಗಂಡ ಯಾವ ಹುದ್ದೆಯಲ್ಲಿದ್ದಾನೋ ಹೆಂಡತಿ ಅದರ ಮೇಲೆ. ಒಮ್ಮೆ ಜಮಖಾನದವಳೊಬ್ಬಳ ಗಂಡನಿಗೆ ಬಡ್ತಿ ಸಿಕ್ಕಿತು. ಮುಂದಿನ ಸಭೆಯಲ್ಲಿ ಅವಳು ಯಾರೂ ಹೇಳದೆಯೇ ಕಬ್ಬಿಣದ ಕುರ್ಚಿಯಲ್ಲಿ ಬಂದು ಕೂತಳು, ನಿನ್ನೆಯವರೆಗಿನ ಗೆಳತಿಯರು ಅವಳ ಸೀರೆಯ ಅಂಚು ತಾಕದ ಹಾಗೆ ಕಾಲು ಎಳೆದುಕೊಂಡರು. ಆ ಕಾಲು ಎಳೆದುಕೊಂಡ ರೀತಿಯನ್ನು ನಾನು ಎಲ್ಲೋ ನೋಡಿದ್ದೇನಲ್ಲ ಎಂದು ಯೋಚಿಸಿದೆ. ಅಜ್ಜಿ ಮಡಿಯಲ್ಲಿದ್ದಾಗ ತೊಟ್ಟಿ ದಾಟುವವರು ಹಾಗೇ ಸರಿಯುತ್ತಿದ್ದರು. ಅಲ್ಲಿ ಕೇಳಿದರೆ, "ನಾವು ಭೇದ ಮಾಡಲ್ಲಮ್ಮ, ಶಾಸ್ತ್ರ ಇರೋದು ಹಾಗೆ" ಎನ್ನುತ್ತಿದ್ದರು. ಇಲ್ಲಿ, "ನಮ್ಮಲ್ಲಿ ಭೇದವೇ ಇಲ್ಲ, ರೂಲ್ಸ್ ಇರೋದು ಹಾಗೆ" ಎನ್ನುತ್ತಿದ್ದರು. ಅಜ್ಜಿಯ ಶಾಸ್ತ್ರ ಕೊನೆಯ ಪಕ್ಷ ಸ್ನಾನ ಮಾಡಿದರೆ ಬಿಡುತ್ತಿತ್ತು. ಗ್ರೇಡಿಗೆ ಯಾವ ಸೋಪೂ ಇಲ್ಲ.

ಕ್ಲಬ್ಬಿನ ಅಧ್ಯಕ್ಷೆ ಸ್ಥಾವರದ ದೊಡ್ಡ ಅಧಿಕಾರಿಯ ಹೆಂಡತಿ. ಎಲ್ಲರೂ ಅವಳನ್ನು ಪ್ರೆಸಿಡೆಂಟ್ ಮಾಮಿ ಎನ್ನುತ್ತಿದ್ದರು. ದಪ್ಪ ಮೂಗುತಿ, ತಣ್ಣನೆಯ ದನಿ, ಯಾರಿಗೂ ಗಟ್ಟಿಯಾಗಿ ಮಾತಾಡದವಳು. ಗಟ್ಟಿಯಾಗಿ ಮಾತಾಡುವ ಅಗತ್ಯ ಅವಳಿಗಿರಲಿಲ್ಲ. ನಾವು ಹೋಗಿ ಎರಡು ವರ್ಷಕ್ಕೆ, ಕಾಲೊನಿಯ ಪುಟ್ಟ ಮಕ್ಕಳಿಗೆ ಒಂದು ನರ್ಸರಿ ಶಾಲೆ ಆಗಬೇಕು ಎಂದು ಕ್ಲಬ್ಬಿನಲ್ಲಿ ಮಾತು ಬಂತು. ಅಮ್ಮ ಜಮಖಾನದಿಂದ ಎದ್ದು ನಿಂತು, ತನ್ನ ಅರೆಬರೆ ತಮಿಳಿನಲ್ಲಿ, ತಾನು ಟ್ರೈನಿಂಗ್ ಆದವಳು ಎಂದಳು. ಮಾಮಿ ಎಲ್ಲರ ಕಡೆ ತಿರುಗಿ, "ಜಯಾ ನಮ್ಮ ಆಳುಮಾ. ಸ್ಕೂಲ್ ಆರಂಬಿಚ್ಚಾ ಇವದಾನ್ ಟೀಚರ್" ಎಂದಳು. ಜಯಾ ನಮ್ಮವಳು, ಶಾಲೆ ಶುರುವಾದರೆ ಇವಳೇ ಟೀಚರ್. ಅಮ್ಮ ಆ ಸಂಜೆ ಮನೆಗೆ ಬಂದದ್ದು ನಡೆದುಕೊಂಡಲ್ಲ.

"ನಮ್ಮಾಳು ಅಂದ್ರು ಕಣೇ! ಈ ಸಲ ನಾನು ಅಳಲಿಲ್ಲ ನೋಡು. ಅರ್ಥ ಆಯ್ತು ನಂಗೆ."

"ತಮಿಳ್ನಲ್ಲಿ ಆಳು ಅಂದ್ರೆ ಮನುಷ್ಯ ಅಮ್ಮ. ನೀನು ಅವರಲ್ಲಿ ಒಬ್ಬಳು ಅಂತ" ಎಂದು ನಾನೂ ತಾತನ ನಿಘಂಟನ್ನು ತೆಗೆದೆ.

ಮುಂದಿನ ಎರಡು ವರ್ಷ ಅಮ್ಮ ಆ ಮಾತಿನ ಮೇಲೆ ಬದುಕಿದಳು. ನವರಾತ್ರಿಯ ಒಂಬತ್ತು ದಿನ ಕ್ಲಬ್ಬಿನ ಗೊಂಬೆಗಳ ನೈವೇದ್ಯಕ್ಕೆ ಸುಂಡಲ್ ಎಂಬ ಕಾಳಿನ ಉಸಲಿ ಮಾಡಿದವಳು ಅಮ್ಮ. ಪೊಂಗಲಿಗೆ ಗೇಟಿನಿಂದ ಸಭಾಂಗಣದವರೆಗೆ ರಂಗೋಲಿ ಬಿಟ್ಟವಳು ಅಮ್ಮ. ಮಕ್ಕಳ ನೃತ್ಯಕ್ಕೆ ನವಿಲಿನ ಬಾಲ ಹೊಲಿದವಳು, ದೊಡ್ಡವರು ಬಂದರೆ ಒಬ್ಬಟ್ಟು ತಟ್ಟಿದವಳು. ಕ್ಲಬ್ಬಿನ ಪಕ್ಕದ ಹಳೆಯ ಸೈಕಲ್ ಶೆಡ್ಡನ್ನು ಶಾಲೆಗೆಂದು ಕೊಟ್ಟಾಗ, ಬೂದಿ ಗುಡಿಸಿ, ಸುಣ್ಣ ಬಳಿಸಿ, ಗೋಡೆಗೆ ತಾನೇ ಆನೆ, ಒಂಟೆ, ದೋಣಿ ಬರೆದಳು. ಬಾಟಲಿ ಮುಚ್ಚಳಗಳಲ್ಲಿ ಎಣಿಕೆಯ ಸರ ಮಾಡಿದಳು. ಆ ಸಾಮಾನಿನ ಬೀರುವಿನ ಕೀಲಿ ಅವಳ ಸೊಂಟದಲ್ಲಿರುತ್ತಿತ್ತು. ಒಂದೇ ಒಂದು ಸಲವೂ ಮಾಮಿ ಅವಳನ್ನು ಕುರ್ಚಿಗೆ ಕರೆಯಲಿಲ್ಲ, ಅಮ್ಮ ಅದನ್ನು ಗಮನಿಸಲಿಲ್ಲ, ಏಕೆಂದರೆ ಅವಳಿಗೆ ಕೂರಲು ಪುರುಸೊತ್ತಿರಲಿಲ್ಲ. ನಾನು ಗಮನಿಸಿದೆ. ಗಮನಿಸಿ ಸುಮ್ಮನಿದ್ದೆ, ಯಾಕೆಂದರೆ ಆಗ ನನಗೆ ನನ್ನದೇ ಒಂದು ದರ್ಜೆ ಸಿಕ್ಕಿತ್ತು: ನಾನು ಶಾಲೆಯ ಚರ್ಚಾಪಟು. ನಮ್ಮ ಇಂಗ್ಲಿಷ್ ಮೇಷ್ಟ್ರು ಸ್ಪರ್ಧೆಗೆ ಮೊದಲು ನಾಣ್ಯ ಚಿಮ್ಮಿ ಪರವೋ ವಿರೋಧವೋ ಹೇಳುತ್ತಿದ್ದರು, ಮೊದಲೇ ಹೇಳಿದರೆ ನಂಬಿಕೆ ಹುಟ್ಟಿಬಿಡುತ್ತದೆ ಎಂದು. ನಂಬಿಕೆಯಿಂದ ಮಾತಾಡುವವರು ಸಾಮಾನ್ಯವಾಗಿ ಸೋಲುತ್ತಾರೆ, ಎದೆ ಉಬ್ಬಿ ಸಮಯ ಮೀರುತ್ತಾರೆ. ನಾನು ಎರಡೂ ಕಡೆಯಿಂದ ಗೆಲ್ಲುತ್ತಿದ್ದೆ.

ಶಾಲೆ ತೆರೆಯುವ ತಿಂಗಳು ಹತ್ತಿರ ಬಂದಾಗ ಹಾಲಿನ ಬೂತಿನ ಸಾಲಿನಲ್ಲಿ ಒಂದು ಸುದ್ದಿ ಹಬ್ಬಿತು. ಹೊಸದಾಗಿ ಬಂದ ಒಬ್ಬ ಕಿರಿಯ ಎಂಜಿನಿಯರ ಹೆಂಡತಿ ಬಿ.ಎ. ಅಂತೆ, ಕಾನ್ವೆಂಟ್ ಇಂಗ್ಲಿಷ್ ಅಂತೆ, ಅವಳೇ ಟೀಚರ್ ಅಂತೆ. ಅಮ್ಮ ನಂಬಲಿಲ್ಲ.

"ಅಷ್ಟು ಜನರ ಎದುರಿಗೆ ಹೇಳಿದಾರೆ. ಮಾಮಿ ಮಾತು ತಪ್ಪೋರಲ್ಲ."

"ರೀ, ನೀವಾದ್ರೂ ಒಂದ್ಮಾತು ಸಾಹೇಬ್ರನ್ನ ಕೇಳಿ" ಎಂದು ಮಾತ್ರ ಒಮ್ಮೆ ಅಪ್ಪನಿಗೆ ಹೇಳಿದಳು.

ಅಪ್ಪ ತಟ್ಟೆಯಲ್ಲಿ ಅನ್ನಕ್ಕೆ ಗುಂಡಿ ಮಾಡುತ್ತ, "ನನ್ನ ರಿಪೋರ್ಟು ಬರೆಯೋರು ಅವರು, ಜಯಾ" ಎಂದ. ಪುರಸೈವಾಕ್ಕಂನಲ್ಲಿ ತಾತನ ಪೇಪರಿನ ಮುಂದೆ ನಿಂತಿದ್ದ ಅದೇ ನಿಲುವು. ಇಲ್ಲಿ ಕೂತು ನಿಂತಿದ್ದ, ಅಷ್ಟೇ.

ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ಮಕ್ಕಳ ಚರ್ಚಾಸ್ಪರ್ಧೆ ಇತ್ತು. ವಿಷಯ: ಹೆಂಗಸರು ಉದ್ಯೋಗಕ್ಕೆ ಹೋಗಬೇಕು. ನಾಣ್ಯ ನನ್ನನ್ನು ವಿರೋಧದ ಕಡೆಗೆ ಹಾಕಿತು. ನನ್ನ ಎದುರಿಗಿದ್ದ ಹುಡುಗಿ ನಂಬಿಕೆಯಿಂದ ಮಾತಾಡಿದಳು, ಪಾಪ. ನಾನು ಎದ್ದೆ. ತಮಿಳು, ಇಂಗ್ಲಿಷು ಕಲಸಿ, ಮೊದಲು ಮೆಲ್ಲಗೆ, ತಾತನ ಇಡೀ ಉಗ್ರಾಣವನ್ನು ಅಲ್ಲಿ ಸುರಿದೆ. ತಾಯಿಯ ಕೈಯ ಅನ್ನ ತಿಂದ ಮಗು ಬೇರೆ. ಹೊಸಿಲಿನ ದೀಪ. ಒಂದು ನಿಲುಗಡೆ. ದೀಪವನ್ನು ಬೀದಿಯಲ್ಲಿಟ್ಟರೆ ಗಾಳಿ ಬಿಡುತ್ತದೆಯೇ? ಒಳಗೊಳಗೆ ನನಗೆ ನಗು. ಈ ವಿಜ್ಞಾನದ ಊರಿನಲ್ಲಿ ಇದು ಯಾರಿಗೂ ಒಪ್ಪಿಗೆಯಾಗುವುದಿಲ್ಲ, ಮಾತಿನ ಸೊಗಸಿಗಾಗಿ ಅಂಕ ಕೊಡುತ್ತಾರೆ ಎಂದುಕೊಂಡಿದ್ದೆ. ಬೆತ್ತದ ಕುರ್ಚಿಗಳು ಮೊದಲು ಚಪ್ಪಾಳೆ ತಟ್ಟಿದವು. ದೇವರಿಲ್ಲ ಎಂದು ಸಾಬೀತು ಮಾಡುತ್ತಿದ್ದ ಎಂಜಿನಿಯರು ಎದ್ದು ನಿಂತು ತಟ್ಟಿದ, ಕಣ್ಣು ಒದ್ದೆ ಮಾಡಿಕೊಂಡು. ಎರಡೂ ಊರು ಒಂದೇ ಎಂಬ ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಸಭಾಂಗಣದ ಹಿಂಭಾಗದಲ್ಲಿ, ಬೋಂಡಾದ ತಟ್ಟೆಗಳನ್ನು ಜೋಡಿಸುತ್ತಿದ್ದ ಅಮ್ಮ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಹೆಮ್ಮೆ ಎಂದುಕೊಂಡೆ.

ಮಾಮಿ ಮೊದಲ ಬಹುಮಾನದ ಕಪ್ಪು ಕೊಡುತ್ತ ನನ್ನ ಗಲ್ಲ ಹಿಡಿದಳು. ಆಮೇಲೆ ಮೈಕಿನ ಕಡೆ ತಿರುಗಿ, ತನ್ನ ತಣ್ಣನೆಯ ದನಿಯಲ್ಲಿ, ಮುಂದಿನ ಸೋಮವಾರ ನರ್ಸರಿ ತೆರೆಯುತ್ತದೆ ಎಂದಳು. ಟೀಚರಾಗಿ ಆ ಬಿ.ಎ. ಹುಡುಗಿಯ ಹೆಸರು ಹೇಳಿದಳು. ಎಲ್ಲರೂ ಅಮ್ಮನ ಕಡೆ ತಿರುಗಿದರು, ಏಕೆಂದರೆ ಎಲ್ಲರಿಗೂ ಆ ಹಳೆಯ ಮಾತು ನೆನಪಿತ್ತು. ಮಾಮಿಗೂ ನೆನಪಿತ್ತು. ಅವಳು ನನ್ನ ಹೆಗಲ ಮೇಲೆ ಕೈ ಇಟ್ಟಳು.

"ಜಯಾಗೆ ಕೊಡೋಣ ಅಂತಿದ್ದೆವು" ಎಂದು ತಮಿಳಿನಲ್ಲಿ ಹೇಳಿದಳು. "ಆದರೆ ಅವಳ ಮಗಳೇ ಈಗ ಎಷ್ಟು ಅಂದವಾಗಿ ಹೇಳಿದಳು ಕೇಳಿದಿರಲ್ಲ. ಮನೆ, ಮಗು ಇರುವವಳ ಮೇಲೆ ಅಷ್ಟು ಹೊಣೆ ಹೊರಿಸುವುದು ನ್ಯಾಯವಲ್ಲ. ಆ ಹುಡುಗಿಗೆ ಇನ್ನೂ ಮಕ್ಕಳಿಲ್ಲ, ಪುರುಸೊತ್ತಿದೆ. ಜಯಾ ಬೆಳಿಗ್ಗೆ ಎರಡು ಗಂಟೆ ಬಂದು ಮಕ್ಕಳ ಕೈ ತೊಳೆಸಲಿ, ಜೋಪಾನ ಮಾಡಲಿ, ಸಾಕು. ಅವಳು ನಮ್ಮ ಆಳು, ಇಲ್ಲ ಅನ್ನುವುದಿಲ್ಲ."

ಮತ್ತೆ ಚಪ್ಪಾಳೆ. ಅದರಲ್ಲಿ ಸ್ವಲ್ಪ ನನಗೂ ಸೇರಿತ್ತು.

ಮನೆಗೆ ಬಂದ ಮೇಲೆ ಕಪ್ಪನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದೆ.

"ಅದು ಡಿಬೇಟು ಅಮ್ಮ. ನಾಣ್ಯ ಆ ಕಡೆ ಬಿತ್ತು. ನಾನು ಅದನ್ನೆಲ್ಲ ನಂಬಲ್ಲ."

"ನಂಬದೇನೇ ಅಷ್ಟು ಚೆನ್ನಾಗಿ ಹೇಳ್ತೀಯ."

"ಯಾವ ಕಡೆ ಕೊಟ್ರೂ ಹೇಳ್ತೀನಿ."

"ಹಾಗಾದ್ರೆ ನಾಳೆ ನನ್ನ ಕಡೆ ಹೇಳು, ಬಾ" ಎಂದಳು ಅಮ್ಮ. ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅವಳು ನಿಜವಾಗಿಯೇ ಕೇಳುತ್ತಿದ್ದಳು. ಅಪ್ಪ, "ಬೇಡ ಜಯಾ, ಸುಮ್ನೆ ತೊಂದರೆ" ಎಂದ. ಅಮ್ಮ ಅವನ ಕಡೆ ತಿರುಗಲೂ ಇಲ್ಲ.

ಮರುದಿನ ಹತ್ತು ಗಂಟೆಗೆ ನಾವಿಬ್ಬರೂ ಮಾಮಿಯ ಮನೆಯ ವರಾಂಡದಲ್ಲಿ ನಿಂತಿದ್ದೆವು. ಅಮ್ಮ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು. ಬೆಳಿಗ್ಗೆ ಪೂರ್ತಿ ನಾನು ಅಂಶಗಳನ್ನು ಜೋಡಿಸಿಕೊಂಡಿದ್ದೆ: ಕೊಟ್ಟ ಮಾತು, ತರಬೇತಿ, ಎರಡು ವರ್ಷದ ದುಡಿಮೆ, ಗೋಡೆಯ ಮೇಲಿನ ಚಿತ್ರಗಳು. ನಾಲ್ಕು ಅಂಶ, ನಾಲ್ಕು ನಿಮಿಷ. ಮಾಮಿ ಹೊರಗೆ ಬಂದಳು, ಕೂರಿ ಎನ್ನಲಿಲ್ಲ, ತಾನು ಕೂತಳು, ನನ್ನನ್ನು ನೋಡಿ ನಕ್ಕಳು. "ವಾಮ್ಮಾ, ಪೇಚ್ಚಾಳರೇ!" ಬಾರಮ್ಮ ಭಾಷಣಗಾರ್ತಿ ಎಂದು. ನಾನು ಬಾಯಿ ತೆರೆದೆ. ಗಂಟೆ ಬಾರಿಸುವವರಿಲ್ಲ, ತೀರ್ಪುಗಾರರಿಲ್ಲ, ಎದುರಿಗಿದ್ದವಳೇ ತೀರ್ಪುಗಾರ್ತಿ. ನನ್ನ ಜೀವನದಲ್ಲಿ ಮೊದಲ ಸಲ ಒಂದು ಕಡೆ ನನ್ನದಾಗಿತ್ತು, ಆ ಕಡೆಯಿಂದ ಮಾತಾಡಲು ನಾನು ಕಲಿತೇ ಇರಲಿಲ್ಲ. ಗಂಟಲಿನಿಂದ ಬಂದದ್ದು, "ಮಾಮಿ... ಅಮ್ಮ..." ಎಂಬೆರಡು ಮಾತು.

ಅಮ್ಮ ಒಂದು ಕ್ಷಣ ಕಾದಳು. ಆಮೇಲೆ ಸೊಂಟದಿಂದ ಬೀರುವಿನ ಕೀಲಿ ತೆಗೆದು ಮಾಮಿಯ ಪಕ್ಕದ ಸ್ಟೂಲಿನ ಮೇಲಿಟ್ಟಳು.

"ಎನ್ನ ಜಯಾ, ಕೋಪಮಾ? ನೀ ನಮ್ಮ ಆಳು ಇಲ್ಲೈಯಾ?" ಎಂದಳು ಮಾಮಿ. ಏನು ಜಯಾ, ಕೋಪವೇ, ನೀನು ನಮ್ಮವಳಲ್ಲವೇ ಎಂದು.

"ನಾನ್ ಆಳಿಲ್ಲೈ, ಮಾಮಿ" ಎಂದಳು ಅಮ್ಮ.

ತಲೆ ಎತ್ತಿ, ಮಾಮಿಯ ಮುಖ ನೋಡಿ, ಜೀವಮಾನದಲ್ಲಿ ಮೊದಲ ಸಲ ಹೇಳಿದಳು. ಅರಸೀಕೆರೆಯ ಕನ್ನಡವನ್ನು ತಮಿಳಿಗೆ ತಿರುಗಿಸಿ ಹೇಳಿದ್ದಳು: ನಾನು ಯಾರ ಆಳೂ ಅಲ್ಲ. ಆದರೆ ತಮಿಳಿನಲ್ಲಿ ಅದರ ಅರ್ಥ, ಈ ಕೆಲಸಕ್ಕೆ ನಾನು ತಕ್ಕವಳಲ್ಲ ಎಂದು. ಮಾಮಿಯ ಮುಖ ಹಗುರಾಯಿತು. ಜಗಳವಾಗುತ್ತದೆ ಎಂದುಕೊಂಡಿದ್ದಳೋ ಏನೋ. "ಅಯ್ಯೋ, ಅದಕ್ಕೇನಂತೆ! ಮೊದಲೇ ಹೇಳಬಾರದಾ? ಬೇರೆ ಆಳು ನೋಡಿಕೊಳ್ಳುತ್ತೇನೆ" ಎಂದು ತಮಿಳಿನಲ್ಲೇ ಹೇಳಿ, ಕೀಲಿಯನ್ನು ಎತ್ತಿಕೊಂಡು, ಅಮ್ಮನ ವಿನಯವನ್ನು ಮೆಚ್ಚಿ, ಒಳಗಿನಿಂದ ಕುಂಕುಮ ತರಿಸಿ ಕೊಟ್ಟಳು.

ತಿದ್ದುವುದು ನನ್ನ ಕೆಲಸವಾಗಿತ್ತು. ಎರಡೂ ಭಾಷೆ ಬರುತ್ತಿದ್ದವಳು ಅಲ್ಲಿ ನಾನೊಬ್ಬಳೇ. ನಾನು ಕುಂಕುಮ ತೆಗೆದುಕೊಂಡೆ.

ಮೂರನೆಯ ದಿನ ಬೇರೆ ಆಳು ಸಿಕ್ಕಿತು, ಸಮುದ್ರದ ಕಡೆಯ ಗುಡಿಸಲಿನ ಒಬ್ಬ ಹೆಂಗಸು. ಅವಳನ್ನು ಯಾರೂ ನಮ್ಮ ಆಳು ಎನ್ನಲಿಲ್ಲ, ಹೆಸರು ಹಿಡಿದು ಕರೆದು ಸಂಬಳ ಕೊಟ್ಟರು. ಅಮ್ಮ ಮತ್ತೆ ಕ್ಲಬ್ಬಿಗೆ ಹೋಗಲಿಲ್ಲ. ಮತ್ತೆ ಯಾವ ಶಾಲೆಯ ಬೋರ್ಡನ್ನೂ ನಿಂತು ಓದಲಿಲ್ಲ. ಆದರೆ ಅದೆಲ್ಲ ಆಮೇಲಿನದು. ಆ ಬೆಳಿಗ್ಗೆ ಮಾಮಿಯ ಮನೆಯಿಂದ ಇಳಿದು, ಅಳತೆಗೋಲಿನ ರಸ್ತೆಯಲ್ಲಿ ಬರುವಾಗ ಅಮ್ಮ ನೆಟ್ಟಗೆ ನಡೆಯುತ್ತಿದ್ದಳು, ಎದುರು ಸಿಕ್ಕ ಇಬ್ಬರಿಗೆ ತಾನಾಗಿಯೇ ನಮಸ್ಕಾರ ಹೇಳಿದಳು. ಅವಳು ಗೆದ್ದಿದ್ದಳು, ಅವಳ ಲೆಕ್ಕದಲ್ಲಿ.

"ಸರಿಯಾಗಿ ಹೇಳಿದೆ ಅಲ್ವಾ? ಮುಖ ಹೇಗಾಯ್ತು ನೋಡಿದ್ಯಾ ಅವರದು?" ಎಂದು ಕೇಳಿದಳು.

ಅವಳ ಮಾತು ಅಲ್ಲಿ ಏನಾಗಿ ಕೇಳಿಸಿತು ಎಂಬುದು ನನ್ನ ನಾಲಿಗೆಯ ತುದಿಯಲ್ಲಿತ್ತು, ಉದಾಹರಣೆಗಳ ಸಮೇತ.

"ನೋಡಿದೆ ಅಮ್ಮ. ಪೆಚ್ಚಾಗಿಹೋಯ್ತು" ಎಂದೆ.